ಬ್ಲಾಕಿಗೂ ಹೆಡ್ಡಿಗೂ ಸಂಬಂಧ ಕುದುರಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಬಾಗಿಲನ್ನು ಅರ್ಧ ತೆರೆದು, ಗ್ಯಾಸ್ಕೆಟ್ ಅಕ್ಕ ತಾಮ್ರದ ಹಾಳೆಯೊಂದನ್ನು ಬೆಂಕಿಗೆ ಹಿಡಿದಿದ್ದಾರೆ. ಹಾಳೆ ಕೆಂಪೇರುತ್ತಿದ್ದಂತೆ ಇಕ್ಕಳದಲ್ಲಿ ಎತ್ತಿ ನೀರಿಗೆ ಇಳಿಸುತ್ತಾರೆ. ಚುಂಯ್ ಎಂದು ಆವಿ ಏಳುತ್ತದೆ. "ಕಬ್ಬಿಣಕ್ಕೆ ಹೀಗೆ ಮಾಡಿದ್ರೆ ಗಟ್ಟಿಯಾಗುತ್ತೆ, ತಾಮ್ರ ಮೆತ್ತಗಾಗುತ್ತೆ. ಒಬ್ಬೊಬ್ಬರ ಗುಣ ಒಂದೊಂದು," ಎಂದು ನಗುತ್ತಾರೆ. ಬಿಸಿಲೇರಿದ ಮೇಲೆ ಹಾಳೆ ಎಷ್ಟು ಕೆಂಪಾಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಈ ಕೆಲಸ ನಸುಕಿನಲ್ಲಿ.

ಮೇಜಿನ ಮೇಲೆ ಹಳೆಯ ವ್ಯಾನೊಂದರ ಬ್ಲಾಕ್ ಕೂತಿದೆ. ಪಿಸ್ಟನ್‌ಗಳು ಓಡಾಡುವ, ಎಂಜಿನ್ನಿನ ಕೆಳಗಿನ ದಿಮ್ಮಿ ಅದು. ಅದರ ಮೇಲೆ ಮುಚ್ಚಳದಂತೆ ಕೂರಬೇಕಾದ ಹೆಡ್ ಬಿರುಕು ಬಿಟ್ಟಿದೆ. ಹೊಸದು ಈಗ ತಯಾರಾಗುವುದಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ಬೇರೆ ಯಾವುದೋ ಕಾರಿನ ಹೆಡ್. ಬೋಲ್ಟಿನ ತೂತುಗಳು ಹೇಗೋ ಹೊಂದುತ್ತವೆ. ಆದರೆ ಎಣ್ಣೆ, ನೀರು ಹರಿಯುವ ದಾರಿಗಳು ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಕೆಲವನ್ನು ಮುಚ್ಚಬೇಕು, ಕೆಲವನ್ನು ಹೊಸದಾಗಿ ಕೊರೆಯಬೇಕು, ಎರಡರ ನಡುವೆ ಇಬ್ಬರಿಗೂ ಒಪ್ಪುವ ತೆಳು ಹಾಳೆಯೊಂದನ್ನು ಕೂರಿಸಬೇಕು. ಆ ಹಾಳೆಯೇ ಗ್ಯಾಸ್ಕೆಟ್. ಇಂಥ ಬೆರಕೆ ಎಂಜಿನ್ನಿಗೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಅಕ್ಕನ ಕೈಯಲ್ಲೇ ಹುಟ್ಟಬೇಕು.

ಅಕ್ಕನಿಗೀಗ ಐವತ್ತನಾಲ್ಕು. ನೀರೆತ್ತುವ ಪಂಪುಗಳಿಗೆ ಗ್ಯಾಸ್ಕೆಟ್ ಕತ್ತರಿಸುತ್ತಿದ್ದ ಅಪ್ಪನ ಪಕ್ಕ ಕೂತು ಕಲಿತದ್ದು. ಮಾಮೂಲಿ ಗ್ಯಾಸ್ಕೆಟ್ಟಾದರೆ ದಿನಕ್ಕೆ ಏಳೆಂಟು. ಬೆರಕೆಗಾದರೆ ಒಂದಕ್ಕೇ ಒಂಬತ್ತು ದಿನ ಹಿಡಿಯುತ್ತದೆ. ಮೊದಲು ಬ್ಲಾಕಿನ ಮೇಲೆ ದಪ್ಪ ಕಾಗದ ಹಾಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಂಚುಗಳ ಅಚ್ಚು ತೆಗೆಯುತ್ತಾರೆ. ಆಮೇಲೆ ಹೆಡ್ಡಿನದು. ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು, ಮೂವತ್ತೆರಡು ತೂತುಗಳಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಗುರುತು ಹಾಕಿ, ಅದರಂತೆ ತಾಮ್ರದ ಹಾಳೆ ಕತ್ತರಿಸುತ್ತಾರೆ. ಎಡಗೈ ಹೆಬ್ಬೆರಳಿನ ಉಗುರು ಮೂರು ಸಲ ಹೋಗಿ ಬಂದಿದೆ. "ಗಾಡಿ ಓಡಿದ್ರೆ ಮೆಕ್ಯಾನಿಕ್ ಜಾಣ. ಒಳಗೆ ನಾನೊಬ್ಬಳು ಇದ್ದೀನಿ ಅಂತ ಯಾರಿಗೆ ಕಾಣುತ್ತೆ?" ಎನ್ನುತ್ತಾರೆ. ದೂರಲ್ಲ, ಇದ್ದ ಮಾತು.

ಆ ಜಾಣ ಮೆಕ್ಯಾನಿಕ್ ಒಂದು ಕಾಲದಲ್ಲಿ ಅವರ ಸ್ವಂತ ಅಣ್ಣನೇ. ಒಂದೇ ಶೆಡ್ಡು, ಒಂದೇ ಬುತ್ತಿ. ಅಕ್ಕ ಹಾಳೆ ಕೊಟ್ಟರೆ ಅಣ್ಣ ಹೆಡ್ ಕೂರಿಸಿ, ಹತ್ತು ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯುತ್ತಿದ್ದ. ಅಣ್ಣ ತಂಗಿ ಸೇರಿ ಓಡಿಸಿದ ಬೆರಕೆ ಎಂಜಿನ್ನುಗಳು ನಲವತ್ತಮೂರು.

ನಲವತ್ತನಾಲ್ಕನೆಯದು ಹಾಲು ಸಾಗಿಸುವ ವ್ಯಾನಿನದು. ಹನ್ನೆರಡು ವರ್ಷದ ಹಿಂದಿನ ಮಾತು. ಮೂರು ತಿಂಗಳು ಚೆನ್ನಾಗಿಯೇ ಓಡಿದ ವ್ಯಾನು ಒಂದು ಏರಿನಲ್ಲಿ ಕಾದು ಕೆಂಡವಾಗಿ ನಿಂತಿತು. ಹೆಡ್ ಡೊಂಕಾಗಿತ್ತು, ಪಿಸ್ಟನ್ ಕಚ್ಚಿಕೊಂಡಿತ್ತು. ಚಾಲಕ ಶೆಡ್ಡಿನ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ: "ತಪ್ಪು ಯಾರದ್ದು, ಅದನ್ನ ಹೇಳಿ ಮೊದಲು!"

ಅಣ್ಣ ತಂಗಿಯ ಮುಖ ನೋಡಿದ.

"ಗ್ಯಾಸ್ಕೆಟ್ ಸರಿಯಾಗಿತ್ತು," ಎಂದರು ಅಕ್ಕ. "ಬೋಲ್ಟ್ ಬಿಗಿಯೋದು ನನ್ನ ಕೆಲಸ ಅಲ್ಲ."

ಮಾತು ಆಡಿದರೆ ಹೋಯಿತು. ಬೋಲ್ಟ್ ಬಿಗಿಯಲು ಬಾರದವನು ಎಂಬ ಹೆಸರು ವಾರದೊಳಗೆ ಬೀದಿಯ ಕೊನೆಯ ಗ್ಯಾರೇಜು ಮುಟ್ಟಿತು. ಕೆಲಸ ಕೊಡುವವರು ಒಬ್ಬೊಬ್ಬರೇ ಕಡಿಮೆಯಾದರು. ಅಣ್ಣ ಒಂದು ದಿನ ಬೋಲ್ಟ್ ಬಿಗಿಯುವ ಪಾನಾಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದವನು ಮತ್ತೆ ಬರಲಿಲ್ಲ. ಲಾರಿಗಳ ತೂಕ ಹಾಕುವ ಕಟ್ಟೆಯಲ್ಲಿ ಚೀಟಿ ಬರೆಯುವ ಕೆಲಸ ಹಿಡಿದ. ಹನ್ನೊಂದು ವರ್ಷ ಅಣ್ಣ ತಂಗಿಗೆ ಮಾತಿಲ್ಲ.

ಹೋದ ವರ್ಷ ಬೇರೊಬ್ಬರು ಅದೇ ಜಾತಿಯ ಬ್ಲಾಕು, ಅದೇ ಜಾತಿಯ ಹೆಡ್ಡು ತಂದರು. ಹೊಸ ಅಚ್ಚು ತೆಗೆಯುವ ಶ್ರಮವೇಕೆ ಎಂದು ಅಕ್ಕ ಅಟ್ಟದಿಂದ ಹಾಲಿನ ವ್ಯಾನಿನ ಹಳೆಯ ಅಚ್ಚಿನ ಕಾಗದ ಇಳಿಸಿ ಬ್ಲಾಕಿನ ಮೇಲಿಟ್ಟರು. ನಾಲ್ಕನೆಯ ಸಿಲಿಂಡರಿನ ಪಕ್ಕದ, ಎಂಜಿನ್ನನ್ನು ತಣಿಸುವ ನೀರಿನ ದಾರಿಯನ್ನು ಕಾಗದ ಮುಕ್ಕಾಲು ಪಾಲು ಮುಚ್ಚಿತ್ತು. ತಿರುಗಿಸಿ ನೋಡಿದರು, ಒರೆಸಿ ನೋಡಿದರು. ತಮ್ಮದೇ ಸುತ್ತಿಗೆ, ತಮ್ಮದೇ ಪೆನ್ಸಿಲ್ ಗುರುತು. ಅಂದು ಶೆಡ್ಡಿಗೆ ಬೀಗ ಹಾಕಿ, ಕಾಗದ ಸುತ್ತಿಕೊಂಡು ನೇರ ಅಣ್ಣನ ಮನೆಗೆ ನಡೆದರು.

ಬಾಗಿಲು ತೆರೆದದ್ದು ಅತ್ತಿಗೆ. "ಅಬ್ಬಾ, ಇಷ್ಟು ವರ್ಷಕ್ಕೆ ದಾರಿ ಗೊತ್ತಾಯ್ತಾ? ಬಾ ಒಳಗೆ."

ಅಣ್ಣ ಕಿಟಕಿಯ ಬಳಿ ಕೂತಿದ್ದ. ಅಕ್ಕ ಕಾಗದ ಬಿಡಿಸಿ ಅವನ ತೊಡೆಯ ಮೇಲೆ ಹಾಸಿ, ಆ ತೂತಿನ ಮೇಲೆ ಬೆರಳಿಟ್ಟರು. "ಅಣ್ಣ, ಹಾಲಿನ ವ್ಯಾನು. ತಪ್ಪು ನಂದು."

ಅವನು ಆ ತೂತಿನ ಅಂಚನ್ನು ಬೆರಳಿನಿಂದ ಸವರಿದ. "ನಾನು ಬಿಗಿದದ್ದು ಸರಿ ಇತ್ತಾ ಅಂತ ನನಗೇ ಅನುಮಾನ ಬಂದ್ಬಿಟ್ಟಿತ್ತು ಕಣೆ," ಎಂದ. "ಕೈ ಮೇಲಿನ ನಂಬಿಕೆನೇ ಹೋಯ್ತು. ಆಮೇಲೆ ಬಿಗಿದ ಬೋಲ್ಟನ್ನೇ ಮತ್ತೆ ಮತ್ತೆ ಬಿಚ್ಚಿ ನೋಡೋದೇ ಆಯ್ತು."

ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ. ಅವನು ಬೈಯಲಿಲ್ಲ. ಅತ್ತಿಗೆ ತಂದ ಚಹಾ ಮೂವರ ಮುಂದೆಯೂ ಆರಿ ತಣ್ಣಗಾಯಿತು.

ಮರುದಿನ ಅಕ್ಕ ಬೀದಿಯ ಹದಿನೇಳು ಗ್ಯಾರೇಜುಗಳಿಗೂ ಹೋಗಿ ಕಾಗದ ತೋರಿಸಿ ಬಂದರು. ಹಳಬರಲ್ಲಿ ಉಳಿದವರು ನಾಲ್ವರೇ. ಹೊಸಬರಿಗೆ ಯಾವ ವ್ಯಾನು, ಯಾವ ಅಣ್ಣ ಎಂಬುದೇ ತಿಳಿಯದು. ಹಾಲಿನ ವ್ಯಾನಿನ ಚಾಲಕ ಊರು ಬಿಟ್ಟು ಎಷ್ಟೋ ಕಾಲವಾಗಿದೆ.

ಈಗ ಅಣ್ಣ ರಜೆಯ ದಿನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾನೆ. ಹಳೆಯ ಗಾಡಿಗಳ ಸುದ್ದಿ ಮಾತಾಡುತ್ತಾನೆ, ಒಮ್ಮೊಮ್ಮೆ ನಗುತ್ತಾನೆ. ಪಾನಾ ಮಾತ್ರ ಮುಟ್ಟುವುದಿಲ್ಲ. "ಈ ಒಂದನ್ನ ನೀನೇ ಬಿಗಿ" ಎಂದು ಅಕ್ಕ ಎರಡು ಸಲ ಕೇಳಿದ್ದಾರೆ. "ಆ ಕೈ ಈಗಿಲ್ಲ ಬಿಡು" ಎಂದಿದ್ದಾನೆ. ಮೂರನೆಯ ಸಲ ಕೇಳಲು ಅವರಿಗೆ ಬಾಯಿ ಬಂದಿಲ್ಲ.

ಕೆಲಸದ ಬಗ್ಗೆ ಬರೆಯಲು ಬಂದವರು ಫೋಟೋಗೆ ನಿಲ್ಲಿ ಎಂದರೆ ಅಕ್ಕ ಮಸಿಗೈ ಅಡ್ಡ ಹಿಡಿಯುತ್ತಾರೆ. "ನಂದೇನೂ ಬೇಡ," ಎನ್ನುತ್ತಾರೆ. "ಪೇಪರಿನಲ್ಲಿ ಹಾಕೋದೇ ಆದ್ರೆ ಒಂದೇ ಒಂದು ಮಾತು ಹಾಕಿ. ಅವತ್ತು ಬೋಲ್ಟ್ ಸರಿಯಾಗೇ ಬಿಗಿದಿತ್ತು ಅಂತ."