ಪಂಚನಹಳ್ಳಿಯ ಇಬ್ಬರು ಕರಿಯಪ್ಪಂದಿರು

ಕಡೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ದಿನ, ಹೆಸರು ಶಾಂತಾ ಮೆಣಸಿನಕಾಯಿ ಎಂದೆ. ಮನೆಯೊಡತಿ ಬೀಬಿಜಾನ್ ನನ್ನನ್ನು ಕನಿಕರದಿಂದ ನೋಡಿದರು.

"ಪಾಪ, ಯಾರಮ್ಮ ನಿಂಗೆ ಹಿಂಗೆ ಅಡ್ಡೆಸ್ರು ಇಟ್ಟಿದ್ದು?"

ನಮ್ಮ ಗದಗಿನ ಕಡೆ ಅಡ್ಡಹೆಸರು ಮನೆತನದ ಗುರುತು. ಇಲ್ಲಿ ಅದು ಗೇಲಿಗೆ ಇಟ್ಟ ಹೆಸರು. ಅಜ್ಜ, ಮುತ್ತಜ್ಜ ಎಲ್ಲರೂ ಮೆಣಸಿನಕಾಯಿಗಳೇ ಎಂದು ಬಿಡಿಸಿ ಹೇಳಿದೆ. ಅವರು ನಕ್ಕು ಬೀಗದ ಕೈ ಕೊಟ್ಟರು.

ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದವಳು ಇಲ್ಲಿ ರೈಲಿನ ಸದ್ದಿಗೆ ಏಳುತ್ತೇನೆ. ಮೊದಮೊದಲು ಮುದ್ದೆಯನ್ನು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡೆ. ಸಾರಿನಲ್ಲಿ ಹೊರಳಿಸಿ ನುಂಗಬೇಕೆಂದು ಬೀಬಿಜಾನ್ ತೋರಿಸಿಕೊಟ್ಟರು. ಅದು ಗಂಟಲಲ್ಲಿ ಸರಾಗ ಇಳಿದ ದಿನ ಪರೀಕ್ಷೆ ಪಾಸಾದಷ್ಟು ಹಿಗ್ಗಿದೆ. ಭಾನುವಾರಗಳು ಮಾತ್ರ ಇಂದಿಗೂ ಮುಗಿಯುವುದೇ ಇಲ್ಲ.

ಕಣ್ಣಿನ ಶಿಬಿರಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಪೊರೆ ಬಂದವರನ್ನು ಊರೂರಿಂದ ವ್ಯಾನಿನಲ್ಲಿ ತರೀಕೆರೆಗೆ ಕರೆದೊಯ್ದು ಆಪರೇಷನ್ ಮಾಡಿಸುತ್ತಾರೆ. ಒಬ್ಬರೇ ಅಜ್ಜಂಪುರದಲ್ಲೊಮ್ಮೆ, ಕಡೂರಿನಲ್ಲೊಮ್ಮೆ ಹೆಸರು ಬರೆಸಿರುತ್ತಾರೆ. ಕಂಪ್ಯೂಟರಿಗೆ ಅದು ತಿಳಿಯದು. ಅದರ ಪಾಲಿಗೆ ಬೇರೆ ಬೇರೆಯಾಗಿ ಬಂದ ಆಬ್ಜೆಕ್ಟುಗಳು, ಅಂದರೆ ಒಬ್ಬೊಬ್ಬರ ದಾಖಲೆಗಳು, ಬೇರೆಯೇ. ಏನೇನು ಹೊಂದಿದರೆ ಎರಡೂ ಒಂದೇ ಎಂಬ ನಿಯಮವನ್ನು ನಾವೇ ಬರೆಯಬೇಕು. ಬರೆದರೆ, ಸೆಟ್ ಎಂಬ ಸಂಗ್ರಹ ಎರಡನೆಯದನ್ನು ಒಳಗೆ ಬಿಡುವುದಿಲ್ಲ. ನಾನು ಬರೆದ ನಿಯಮ: ಹೆಸರು, ಅಡ್ಡಹೆಸರು, ಊರು. ಗದಗಿನಲ್ಲಿ ಅಷ್ಟು ಸಾಕು.

ಪಂಚನಹಳ್ಳಿಯಲ್ಲಿ ಸಾಲಲಿಲ್ಲ. ಅಲ್ಲಿ ಅಡ್ಡಹೆಸರಿನ ಜಾಗ ಎಲ್ಲರದೂ ಖಾಲಿ. ಜೊತೆಗೆ ಅಲ್ಲಿನ ಒಂದು ಮನೆಯ ಅಣ್ಣತಮ್ಮಂದಿರಿಬ್ಬರೂ ತಂತಮ್ಮ ಹಿರಿಮಗನಿಗೆ ತಾತನ ಹೆಸರನ್ನೇ ಇಟ್ಟಿದ್ದರು. ಒಬ್ಬ ಕರಿಯಪ್ಪ ವ್ಯಾನ್ ಹತ್ತಿದ. ಇನ್ನೊಬ್ಬನಿಗೆ, ನಿನ್ನ ಹೆಸರಿನವರು ಆಗಲೇ ಒಳಗಿದ್ದಾರೆ ಎಂದು ಹೇಳಿ ವ್ಯಾನಿನವರು ಬಿಟ್ಟು ಹೋದರು.

ಉಳಿದ ಕರಿಯಪ್ಪ ಬಸ್ ಹಿಡಿದು, ದಾರಿ ಕೇಳಿಕೊಂಡು ನಮ್ಮ ಆಫೀಸಿಗೇ ಬಂದರು. ಅವರ ಎಡಗಣ್ಣು ಹಿಂದೆಯೇ ಹೋಗಿತ್ತು. ಉಳಿದದ್ದು ಪೊರೆ ಬಂದ ಬಲಗಣ್ಣು ಒಂದೇ. ನಾನು ಇದ್ದ ದಿಕ್ಕಿಗೆ ಅಂದಾಜಿನ ಮೇಲೆ ಮುಖ ಮಾಡಿ ಕೇಳಿದರು.

"ಆ ಕರಿಯಪ್ಪನ ಕಣ್ಣು ಕುಯ್ದ್ರೆ ಈ ಕರಿಯಪ್ಪಂಗೆ ಕಾಣ್ಸುತ್ತೇನವ್ವ?"

ಕೋಪವಿರಲಿಲ್ಲ, ನಿಜಕ್ಕೂ ಕೇಳುವ ಹಾಗೆ ಕೇಳಿದರು. ನನಗೆ ನಾಚಿಕೆಯಾಯಿತು. ಆಸ್ಪತ್ರೆಗೆ ಫೋನ್ ಮಾಡಿ, ಮರುದಿನದ ವ್ಯಾನಿನಲ್ಲಿ ಅವರಿಗೆ ಜಾಗ ಕೊಡಿಸಿದೆ. ಆಮೇಲೆ ಕೂತು ನಿಯಮಕ್ಕೆ ಅಪ್ಪನ ಹೆಸರನ್ನೂ ಸೇರಿಸಿದೆ. ಈ ಹೆಸರು, ಊರುಗಳ ಲೆಕ್ಕದ ಮೇಲೆಯೇ ಕಂಪ್ಯೂಟರ್ ಪ್ರತಿಯೊಬ್ಬರನ್ನೂ ಒಂದೊಂದು ಗೂಡಿನಲ್ಲಿ ಇಡುತ್ತದೆ. ಒಳಗಿಟ್ಟ ಮೇಲೆ ಊರು ಬದಲಾಯಿಸಿದರೆ ಬೇರೆ ಗೂಡಿನಲ್ಲಿ ಹುಡುಕಿ, ಇದ್ದವರನ್ನೇ ಇಲ್ಲ ಎನ್ನುತ್ತದೆ. ಆದ್ದರಿಂದ ಒಳಗೆ ಹೋದ ಮೇಲೆ ಯಾರೂ ಅವನ್ನು ತಿದ್ದದಂತೆ ಮಾಡಿದೆ.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಕರಿಯಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮತ್ತೆ ಬಂದರು, ಜೊತೆಗೆ ಇನ್ನೊಬ್ಬ ಕರಿಯಪ್ಪ. ಇಬ್ಬರಿಗೂ ಒಂದಿಷ್ಟೂ ಹೋಲಿಕೆಯಿಲ್ಲ. ನಾನು ಕೂತುಕೊಳ್ಳಿ ಎಂದಾಗ ಕನ್ನಡಕ ಮೇಲೆತ್ತಿ ನನ್ನ ಮುಖವನ್ನೇ ನೋಡಿದರು.

"ಮಾತು ಕೇಳಿದ್ರೆ ಪರಸ್ಥಳದೋಳು. ಮಖ ನೋಡಿದ್ರೆ ನಮ್ಮೂರೋಳೇ ಕಣವ್ವ ನೀನು."

ಆ ಮಾತು ಇಡೀ ದಿನ ಖುಷಿ ಕೊಟ್ಟಿತು. ಸಂಜೆ ಹೊಸ ನಂಬರಿನಿಂದ ಅವ್ವನಿಗೆ ಫೋನ್ ಮಾಡಿದೆ.

"ಯಾರ್ ಮಾತಾಡೋದು?"

"ನಾನು ಕಣವ್ವ."

ಗದಗಿನಲ್ಲಿ ಯಾರೂ 'ಕಣವ್ವ' ಅನ್ನುವುದಿಲ್ಲ. ಅವ್ವ ತಪ್ಪಿ ಬಂದ ಫೋನಿಗೆ ಮಾತಾಡುವ ದನಿಯಲ್ಲಿ ಕೇಳಿದಳು. "ಯಾರ್ ಬೇಕಾಗಿತ್ರಿ ನಿಮಗ?"

ಹೆತ್ತವಳೇ ನನಗೆ ಬಹುವಚನ ಹಚ್ಚಿದ್ದಳು. ಗಾಬರಿಯಲ್ಲಿ, ಪರಿಚಯವಿಲ್ಲದವರಿಗೆ ಹೇಳುವಂತೆ ಹೆಸರು ಹೇಳಿದೆ, ಅಡ್ಡಹೆಸರು ಹೇಳಿದೆ, ಊರನ್ನೂ ಹೇಳಿದೆ. ಊರು ಎನ್ನುವಲ್ಲಿ ಬಾಯಿಗೆ ಬಂದದ್ದು ಕಡೂರು.