ನೊಣಗಳ ಮದುವೆ ಮಾಡಿಸಿದವಳು

ನನ್ನ ಪ್ರಾಯದ ಕಾಲವನ್ನೆಲ್ಲ ನಾನು ನೊಣಗಳ ಮದುವೆ ಮಾಡಿಸುವುದರಲ್ಲಿ ಕಳೆದೆ. ಬಂದವರೆದುರು ಅಮ್ಮ ಹೀಗೆಯೇ ದೂರುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅರವತ್ತರ ದಶಕದ ಮೊದಮೊದಲು. ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದ ನಾನು ಸೀಸೆಗಳ ಪೆಟ್ಟಿಗೆ ಹೊತ್ತು ಹೊನ್ನಾವರದ ಸೋದರಮಾವನ ಮನೆಗೆ ಬಂದಿದ್ದೆ. ಶರಾವತಿಯ ಎರಡು ದಡಗಳ ಹಣ್ಣಿನ ನೊಣಗಳು ಇನ್ನೂ ಒಂದೇ ಜಾತಿಯೋ, ಹೊಳೆ ಅಡ್ಡಬಂದು ಬೇರೆಯಾಗಿಬಿಟ್ಟಿವೆಯೋ ಎಂಬುದು ನನ್ನ ಪ್ರಶ್ನೆ. ಪರೀಕ್ಷೆ ಸರಳ. ಆಚೆಯ ಗಂಡನ್ನೂ ಈಚೆಯ ಹೆಣ್ಣನ್ನೂ ಒಂದು ಸೀಸೆಯಲ್ಲಿ ಬಿಡಬೇಕು. ಮರಿಯಾಗಬೇಕು, ಆ ಮರಿಗಳಿಗೂ ಮರಿಯಾಗಬೇಕು. ಹಾಗಾದರೆ ಒಂದೇ ಜಾತಿ. ನಮ್ಮ ಭಾಷೆಯಲ್ಲಿ ನೊಣಗಳ ಜಾತಿಗೂ ಮನುಷ್ಯರ ಜಾತಿಗೂ ಒಂದೇ ಶಬ್ದವಿರುವುದರ ತೊಂದರೆ ನನಗಾಗ ಹೊಳೆದಿರಲಿಲ್ಲ.

ಆಚೆ ದಡದ ಕಾಸರಕೋಡಿನಿಂದ ನೊಣ ಹಿಡಿದು ತರುತ್ತಿದ್ದವರು ದೇವಿದಾಸ ಮಾಸ್ತರರು. ಹೊನ್ನಾವರದ ಶಾಲೆಯಲ್ಲಿ ವಿಜ್ಞಾನ ಕಲಿಸಲು ದಿನಾ ದೋಣಿಯಲ್ಲಿ ಬರುತ್ತಿದ್ದರು. ಅವರ ಮನೆಮಾತು ಕೊಂಕಣಿ, ನಮ್ಮದು ಹವ್ಯಕರ ಕನ್ನಡ. ಮೀನು ಒಣಗಿಸುವ ಅಂಗಳದಲ್ಲಿ ಕೊಳೆತ ಬಾಳೆಹಣ್ಣಿನ ಸೀಸೆ ತೂಗುಹಾಕಿದ್ದನ್ನು ಕಂಡ ಅವರ ತಾಯಿ, ಹಣ್ಣು ಕೊಳೆಸುವುದಕ್ಕೂ ಕಾಲೇಜು ಕಲಿಯಬೇಕೇ ಎಂದು ಕೇಳಿದರಂತೆ.

ಸಂಜೆ ಮಾವನ ಜಗಲಿಯಲ್ಲಿ ಕೂತು, ಗಂಡುನೊಣ ಒಂದು ರೆಕ್ಕೆ ಬಿಡಿಸಿ ಹೆಣ್ಣಿನ ಸುತ್ತ ಕುಣಿಯುವುದನ್ನು ಮಸೂರದಲ್ಲಿ ನೋಡುತ್ತಿದ್ದೆವು. ಎರಡು ದಡದವು ಬೇಗ ಒಲಿದವು. ಘಟ್ಟದ ಮೇಲಿನಿಂದ ತರಿಸಿದ ಹೆಣ್ಣುಗಳು ಮಾತ್ರ ಅದೇ ಕುಣಿತವನ್ನು ಲೆಕ್ಕಿಸದೆ ದೂರ ಹೋದವು. ತಲೆತಲಾಂತರ ಅಗಲಿದ್ದರೆ ಎಷ್ಟೋ ಸಲ ಮೊದಲು ಮರೆತುಹೋಗುವುದು ಕರೆಯುವ ರೀತಿ, ಓಗೊಡುವ ರೀತಿ ಎಂದು ನಾನು ವಿವರಿಸಿದೆ. ಮಾಸ್ತರರು ಮಸೂರವನ್ನು ಇನ್ನೊಮ್ಮೆ ಸೀಸೆಯ ಮೇಲೆ ಹಿಡಿದರು.

ಸೀಸೆಯಲ್ಲಿ ಮೊಮ್ಮಕ್ಕಳು ಕಾಣಿಸಿಕೊಂಡ ದಿನ ಅವರನ್ನು ಬೀಳ್ಕೊಡಲು ದೋಣಿಯ ಕಟ್ಟೆಯವರೆಗೆ ಹೋದೆ.

"ಒಂದೇ ಜಾತಿ ಅಂತ ಆತಲ್ಲ?" ಎಂದು ಕೇಳಿದರು.

"ಆತು," ಎಂದೆ.

"ನಾನು ನೊಣದ ಸುದ್ದಿ ಕೇಳಿದ್ದಲ್ಲ."

"ನಾನು ಹೇಳಿದ್ದೂ ನೊಣದ ಸುದ್ದಿಯಲ್ಲ."

ಕುಮಟೆಯ ನಮ್ಮ ಮನೆಯಲ್ಲಿ ಮದುವೆಯ ಮಾತೆತ್ತಿದಾಗ ಅಪ್ಪಯ್ಯ "ಅದು ಆಗ್ತಿಲ್ಲೆ" ಎಂದಷ್ಟೇ ಹೇಳಿ ಎದ್ದುಹೋದ. ನಾನು ಅವನನ್ನು ಮೀರಲು ತಯಾರಿದ್ದೆ. ಆದರೆ ಮಾಸ್ತರರಿಗೆ ಮದುವೆಯಾಗದ ಇಬ್ಬರು ತಂಗಿಯರು. ಅಣ್ಣ ಹೊರಗಿನವಳನ್ನು ತಂದರೆ ಆ ಹುಡುಗಿಯರನ್ನು ಯಾರೂ ಕೇಳುವುದಿಲ್ಲ. ಅವರದೊಂದು ಆಗಲಿ ಎಂದರು, ಕಾಯುತ್ತೇನೆ ಎಂದೆ. ದೊಡ್ಡವಳ ಮದುವೆಯಾಯಿತು. ಚಿಕ್ಕವಳಿಗೆ ಗಂಡು ಕೂಡಿಬರಲಿಲ್ಲ. ಮಾಸ್ತರರಿಗೆ ಭಟ್ಕಳಕ್ಕೆ ವರ್ಗವಾಯಿತು, ನನಗೆ ದೂರದ ಊರಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷ ಬಿಟ್ಟು ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾದಾಗ ಚಾ ಕುಡಿದೆವು. ಇಬ್ಬರಿಗೂ ಸಂತೋಷವಾಗಿತ್ತು. ಆದರೂ ಬಸ್ಸು ಬರುವವರೆಗೆ ಮಾತಾಡಿದ್ದೆಲ್ಲ ಮಳೆಯ ಸುದ್ದಿ. ಬಸ್ಸು ಹೊರಟ ಮೇಲೆ ಹೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಕುಮಟೆ ದಾಟುವವರೆಗೂ ಅವನ್ನು ಮನಸ್ಸಿನಲ್ಲೇ ಹೇಳುತ್ತ ಕೂತೆ.

ಈಗ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತೇನೆ. ಮೊನ್ನೆ ಹುಡುಗಿಯೊಬ್ಬಳು, ಮನುಷ್ಯರಲ್ಲಿ ಜಾತಿ ಎಷ್ಟು ಎಂದು ಕೇಳಿದಳು. ಒಂದೇ ಎಂದೆ. ನೀವೇ ಪರೀಕ್ಷೆ ಮಾಡಿ ನೋಡಿದ್ದೀರಾ ಎಂದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಕರಿಹಲಗೆಯ ಕಡೆ ತಿರುಗಿ, ಮರುದಿನ ಮಾಡಬೇಕಿದ್ದ ಪಾಠದ ತಲೆಬರಹವನ್ನು ಬಹಳ ನಿಧಾನವಾಗಿ ಬರೆಯತೊಡಗಿದೆ.