ಒತ್ತಿದ್ದು ಯಾರು?

ಬ್ರೌಸರ್ ತಯಾರಿಸುವ ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ; ಅವರನ್ನು ನಾವೆಲ್ಲರೂ 'ಕಾವಲುಗಾರರು' ಎಂದೇ ಕರೆಯುತ್ತೇವೆ. ಬಳಸುವವರು ತಾವಾಗಿ ಗುಂಡಿ ಒತ್ತದ ಹೊರತು ಯಾವ ವೆಬ್ ಪುಟವೂ ಇಡೀ ಪರದೆಯನ್ನು ಆವರಿಸಬಾರದು ಎಂಬ ನಿಯಮವನ್ನು ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. "ಸಾರ್, ವಿಡಿಯೋ ತಾನಾಗೇ ದೊಡ್ಡದಾದ್ರೆ ಏನಾಯ್ತು?" ಎಂದು ಯಾರಾದರೂ ಕೇಳಿದರೆ ಅವರ ಮುಖ ಬಿಳಿಚಿಕೊಳ್ಳುತ್ತದೆ. "ಒತ್ತಿದ್ದು ಯಾರು? ಹೊರಗೆ ಬರೋ ದಾರಿ ತೋರಿಸಿದ್ಯಾ?" ಎನ್ನುತ್ತಾರೆ. ಲಿಫ್ಟಿನ ಬಾಗಿಲು ತಾನಾಗಿ ತೆರೆದುಕೊಂಡರೆ ಹಿಂದೆ ಸರಿದು, ಆರು ಮಹಡಿಯನ್ನೂ ಮೆಟ್ಟಿಲು ಹತ್ತಿಯೇ ಬರುತ್ತಾರೆ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಮೊನ್ನೆ ಊಟದ ಹೊತ್ತಿನಲ್ಲಿ ನಾನು ಕಾರಣ ಕೇಳಿಯೇಬಿಟ್ಟೆ. ಹಿಂದೊಮ್ಮೆ ಅವರ ಅಕ್ಕ ಮನೆಯಲ್ಲಿ ಒಬ್ಬರೇ ಇದ್ದಾಗ ಯಾವುದೋ ಕಳ್ಳ ಪುಟ ಕಂಪ್ಯೂಟರ್ ಪರದೆಯನ್ನೆಲ್ಲ ತುಂಬಿಕೊಂಡಿತಂತೆ: 'ನಾವು ಪೊಲೀಸರು. ನಿಮ್ಮನ್ನು ನೋಡುತ್ತಿದ್ದೇವೆ. ಕುರ್ಚಿ ಬಿಟ್ಟು ಏಳಬೇಡಿ.' ಅದನ್ನು ಮುಚ್ಚುವ ಗುರುತು ಎಲ್ಲೂ ಕಾಣಲಿಲ್ಲ. ಸಂಜೆ ಇವರು ಮನೆಗೆ ಬಂದಾಗ ಅಕ್ಕ ಬೆಳಗಿನಿಂದ ಅಲ್ಲೇ ಕೂತಿದ್ದರು. ಉಟ್ಟ ಬಟ್ಟೆ ಒದ್ದೆಯಾಗಿತ್ತು. ಇವರು ಕಂಪ್ಯೂಟರ್ ಆರಿಸಿದ ಮೇಲೂ ಅಕ್ಕ ಕದಲಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ, ತುಟಿ ಅಲುಗದಂತೆ ಕೇಳಿದರಂತೆ: "ಅವ್ರು ಹೋದ್ರೇನೋ? ನಾನೀಗ ಏಳ್ಬಹುದಾ?"